ಗಾಳಿಗೆ ಒಣಗುವ ಮಣ್ಣು

ಹೊಳೆಯ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ದಂಡೆಯ ಆಶ್ರಮ ಇದೆಯೋ ಇಲ್ಲವೋ ಎನ್ನುವಂತಿತ್ತು. ಅಂಥ ಹೊತ್ತಿನಲ್ಲಿ ವೆಂಕೋಬ ಅಲ್ಲಿಗೆ ಬಂದ. ಕಂಕುಳಲ್ಲೊಂದು ಗಂಟು, ಗಂಟಿನಲ್ಲಿ ಹೆಂಡತಿಯ ಹಳೆಯ ಸೀರೆಯ ತುಂಡು.

ಆಶ್ರಮದ ಅಂಬವ್ವ ಮಣ್ಣಿನ ಗೊಂಬೆ ಮಾಡುವುದನ್ನು ಕಲಿಸುತ್ತಿದ್ದಳು. ಬೇರೇನನ್ನೂ ಕಲಿಸುತ್ತಿರಲಿಲ್ಲ. ಅಲ್ಲಿಗೆ ಹೋಗಿಬಂದವರು ಬೇರೇನೋ ಕಲಿತೆವು ಎಂದು ಹೇಳಿಕೊಂಡು ತಿರುಗಿದರೆ ಅದಕ್ಕೆ ಅವಳು ಹೊಣೆಯಲ್ಲ ಬಿಡಿ.

“ಏನು ಮಾಡಬೇಕು ಅಂತಿದ್ದೀಯಪ್ಪ?” ಎಂದಳು.

“ನನ್ನ ಹೆಂಡತಿಯ ಮುಖ, ತಾಯಿ. ರುಕ್ಮಾ ಅಂತ. ಹೋದ ಚಳಿಗಾಲದಲ್ಲಿ ತೀರಿಕೊಂಡಳು.”

“ಫೋಟೋ ಇದೆಯಾ?”

“ಎಲ್ಲಿಯ ಫೋಟೋ! ಕ್ಯಾಮೆರಾ ಕಂಡರೆ ಸಾಕು, ಮುಖಕ್ಕೆ ಸೆರಗು ಮುಚ್ಚಿಕೊಂಡು ನಗುತ್ತಿದ್ದಳು.” ಅವನಿಗೂ ನಗು ಬಂತು, ಅರ್ಧಕ್ಕೇ ನಿಂತಿತು. “ಮೊದಮೊದಲು ಕಣ್ಣು ಮುಚ್ಚಿದರೆ ಮುಖ ಪೂರ್ತಿ ಬರುತ್ತಿತ್ತು. ಈಗ ಒಂದು ದಿನ ಹುಬ್ಬು ಬರುತ್ತದೆ, ಇನ್ನೊಂದು ದಿನ ಬರೀ ಮೂಗುಬೊಟ್ಟು. ಪೂರ್ತಿ ಮರೆತುಹೋಗುವ ಮುಂಚೆ ಮಾಡಿಟ್ಟುಕೊಳ್ಳಬೇಕು. ನನಗೆ ಹೆದರಿಕೆಯಾಗಿದೆ ತಾಯಿ.”

“ಅದಕ್ಕೇನಂತೆ. ಮಾಡು, ಒಣಗಿಸು, ಆ ಬೆಂಕಿಯ ಗೂಡಿನಲ್ಲಿಟ್ಟು ಸುಡು. ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.”

ವೆಂಕೋಬ ಗೂಡಿನ ಕಡೆ ನೋಡಿ ಹಿಂದೆ ಸರಿದ. “ಬೆಂಕಿ ಬೇಡ. ಒಂದು ಸಲ ಈ ಕೈಯಾರೆ ಇಟ್ಟಿದ್ದೀನಿ. ಇನ್ನೊಂದು ಸಲ ನನ್ನ ಕೈಲಾಗಲ್ಲ.”

ಅಂಬವ್ವ ಮೂಲೆಯ ಬುಟ್ಟಿಗಳ ಕಡೆ ಕೈ ತೋರಿಸಿದಳು.

“ಆಗಲಿ. ಬೆಂಕಿ ಬೇಡದ ಮಣ್ಣೂ ಇದೆ. ಗಾಳಿಗೇ ಒಣಗಿ ಗಟ್ಟಿಯಾಗುತ್ತದೆ. ಅದರಲ್ಲೇ ಮೂರು ತರಹ. ಯಾವುದು ಒಗ್ಗುತ್ತದೆ ನೋಡಿ ಹೇಳು.”

ಮೊದಲು ಕೊಟ್ಟದ್ದು ಹೊಳೆದಂಡೆಯ ಜೇಡಿಮಣ್ಣು. ಅಬ್ಬಾ, ಎಂಥ ಮಣ್ಣು! ಉಗುರು ತಾಗಿದರೆ ಉಗುರಿನ ಗೆರೆಯೂ ಮೂಡುತ್ತಿತ್ತು. ವೆಂಕೋಬ ಹಣೆ ತೀಡಿದ, ಗಲ್ಲ ಎಳೆದ. ಕೆನ್ನೆಗೆ ಅಂಗೈ ಒತ್ತಿದ. ತಣ್ಣಗಿತ್ತು, ಮೆತ್ತಗಿತ್ತು. ಸ್ನಾನ ಮಾಡಿ ಬಂದ ರುಕ್ಮಾಳ ಕೆನ್ನೆಯೇ! ಎಷ್ಟೋ ತಿಂಗಳ ಮೇಲೆ ಅವನ ಎದೆ ಹಗುರಾಯಿತು.

ಸಂಜೆ ಸೀರೆಯ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಮುಖದ ಮೇಲೆ ಹೊದಿಸಿದ. ಬೆಳಗ್ಗೆ ಮಂಜಿನಲ್ಲಿ ಅದನ್ನು ಮೆಲ್ಲಗೆ ಎತ್ತಿದರೆ ಇನ್ನೇನು ಕಣ್ಣು ಬಿಡುತ್ತಾಳೆ ಎನಿಸುತ್ತಿತ್ತು. ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ಅಂಚು ಒಣಗುತ್ತ ಬಿಳಿಚಿಕೊಂಡಲ್ಲಿ ಅವನು ನೀರು ಚಿಮುಕಿಸುತ್ತಿದ್ದ. ಮೂಗು ಸರಿಯಿಲ್ಲವೆಂದು ದಿನವೂ ಹೊಸ ಮಣ್ಣು ಮೆತ್ತುತ್ತಿದ್ದ.

ಒಂದು ದಿನ ಹುಬ್ಬಿನಿಂದ ಗಲ್ಲದವರೆಗೆ ಮುಖ ಸೀಳಿಕೊಂಡಿತು.

“ಈ ಮಣ್ಣು ಬಿರುಕು ಬಿಡುತ್ತೆ ತಾಯಿ,” ಎಂದ ವೆಂಕೋಬ.

ಅಂಬವ್ವ ಎರಡನೆಯದನ್ನು ಕೊಟ್ಟಳು. ಹಳೆಯ ಕಾಗದ ನೆನೆಸಿ, ಅರೆದು, ಅಂಟು ಬೆರೆಸಿ ನಾದಿದ ಮಣ್ಣು ಅದು. ಬಿರುಕಿನ ಮಾತೇ ಇಲ್ಲ, ಎತ್ತಿದರೆ ಹತ್ತಿಯಷ್ಟು ಹಗುರ. ಆದರೆ ತುಟಿಯ ಅಂಚು ಎಷ್ಟು ತೀಡಿದರೂ ನಾರುನಾರು. ಇದಕ್ಕೂ ಒದ್ದೆ ಬಟ್ಟೆ ಹೊದಿಸಿಯೇ ಇಟ್ಟ. ಕೆಲವು ದಿನಕ್ಕೆ ಹುಳಿ ವಾಸನೆ ಬಂತು, ಗಲ್ಲದ ಮೇಲೆ ಹಸಿರು ಬೂಸಲು ಎದ್ದಿತು.

“ನಿನ್ನ ಹೆಂಡತಿಗೆ ಗಡ್ಡ ಬಂದಿದೆಯಲ್ಲೋ!” ಎಂದಳು ಅಂಬವ್ವ.

ರುಕ್ಮಾ ಇದ್ದಿದ್ದರೆ ಈ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ವೆಂಕೋಬನಿಗೆ ಅಳು ಬಂತು.

ಮೂರನೆಯದು ಪೇಟೆಯ ಅಂಗಡಿಯಿಂದ ಬಂದ ಪ್ಯಾಕೆಟ್ಟಿನ ಮಣ್ಣು. ಬೆಳ್ಳಗೆ, ಬೆಣ್ಣೆಯಂತೆ ನುಣ್ಣಗೆ. ಅದಕ್ಕೆ ಯಾರ ಹಂಗೂ ಇಲ್ಲ, ಬಿಟ್ಟರೆ ರಾತ್ರಿ ಕಳೆಯುವುದರೊಳಗೆ ತಾನೇ ಗಟ್ಟಿಯಾಗುತ್ತದೆ. ಇವನು ಬಿಡಬೇಕಲ್ಲ! ಮೇಲೆ ಪದರ ಕಟ್ಟುತ್ತಿದ್ದಂತೆ ನೀರು ಸವರಿದ, ಮತ್ತೆ ಸವರಿದ. ಕೆನ್ನೆ ಹಾಲಿನ ಕೆನೆಯ ಹಾಗೆ ಜಾರಿ ಅವನ ಬೆರಳಿಗೆ ಬಂತು.

ಕೊನೆಗೆ ಹಟ ಹಿಡಿದು ಮತ್ತೆ ಹೊಳೆಯ ಮಣ್ಣಿಗೇ ಕೂತ. ಏನಾಯಿತೋ, ಈ ಸಲ ಮೂಗು ಬಂತು. ಮೂಗಿನ ಹಿಂದೆ ತುಟಿ ಬಂತು, ಸೆರಗಿನ ಮರೆಯಲ್ಲಿ ನಗುತ್ತಿದ್ದ ಆ ನಗುವೂ ಬಂತು. ವೆಂಕೋಬ ಗಡಬಡಿಸಿ ಒದ್ದೆ ಬಟ್ಟೆ ಹೊದಿಸಿ ಅಂಬವ್ವನ ಹತ್ತಿರ ಓಡಿದ.

“ತಾಯಿ, ಮೂರರಲ್ಲಿ ಯಾವುದು ನಿಲ್ಲುತ್ತೆ ಹೇಳಿಬಿಡಿ. ಈ ಮುಖವೂ ಒಡೆದರೆ ಮತ್ತೆ ನನ್ನಿಂದ ಬರಲ್ಲ.”

“ಮೂರನ್ನೂ ನೋಡಿದವನು ನೀನು. ನೀನೇ ಹೇಳು.”

“ಒಂದು ಒಡೆಯುತ್ತೆ. ಒಂದು ಬೂಸಲು ಹಿಡಿಯುತ್ತೆ. ಇನ್ನೊಂದು ಸುಲಿದು ಕೈಗೆ ಬರುತ್ತೆ.”

“ಮೂರರಲ್ಲಿ ಒಣಗಿಸಿ ನೋಡಿದ್ದು ಯಾವುದನ್ನ?”

ವೆಂಕೋಬ ಕೈಗಂಟಿದ್ದ ಹಸಿ ಮಣ್ಣನ್ನು ನೋಡಿಕೊಂಡ.

ಅಂಬವ್ವ ಎದ್ದು ಅವನ ಜೊತೆ ನಡೆದಳು. ಬಟ್ಟೆ ಎತ್ತಿ ಆ ಮುಖವನ್ನು ಬಹಳ ಹೊತ್ತು ನೋಡಿದಳು. “ಲಕ್ಷಣವಾಗಿದ್ದಾಳೆ,” ಎಂದಳು. ಆಮೇಲೆ ಸೀರೆಯ ತುಂಡನ್ನು ಚೆನ್ನಾಗಿ ಹಿಂಡಿ, ಕೊಡವಿ, ಹಗ್ಗದ ಮೇಲೆ ಹರವಿದಳು. ಅದು ಹೊಳೆಗಾಳಿಗೆ ಅಲುಗತೊಡಗಿತು.

ಮುಖದ ಅಂಚು ಮೆಲ್ಲಗೆ ಬಿಳಿಚುತ್ತಿತ್ತು. ವೆಂಕೋಬನಿಗೆ ತಡೆಯಲಾಗಲಿಲ್ಲ.

“ಒದ್ದೆ ಇರುವಷ್ಟು ಹೊತ್ತು ಕೆನ್ನೆ ಮೆತ್ತಗಿರುತ್ತೆ ತಾಯಿ. ಮುಟ್ಟಿದರೆ ಅವಳೇ. ಒಣಗಿತು ಅಂದರೆ ಅವಳು ಇನ್ನೊಂದು ಸಲ ಹೋದ ಹಾಗೆ.”

ಅವನ ಕೈ ತಾನಾಗಿ ನೀರಿನ ಚೆಂಬಿನ ಕಡೆ ಹೋಯಿತು.

ಅಂಬವ್ವ ಚೆಂಬನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು.

“ಬೆಂಕಿಗೆ ಕೊಡಲ್ಲ ಅಂದೆ ನೀನು, ಆಗಲಿ ಅಂದೆ ನಾನು. ಗಾಳಿಗೂ ಕೊಡಲ್ಲ ಅಂದರೆ ಹೇಗೋ ವೆಂಕೋಬ?”