ಎಲೆಗೆ ಹಚ್ಚಿದ ಸುಣ್ಣ

"ಬುದ್ಧಿ, ನಿಜವನ್ನೇ ಹೇಳಿದರೂ ಜನ ಯಾಕೆ ಎದ್ದು ಹೋಗುತ್ತಾರೆ?"

ಮರಿದೇವ ಹೀಗೆ ಕೇಳಿದಾಗ ಮಠದ ಸ್ವಾಮಿಗಳು ಪೂಜೆ ಮುಗಿಸಿ ಆಗಷ್ಟೇ ಜಗಲಿಗೆ ಬಂದು ಕೂತಿದ್ದರು. ಮರಿದೇವ ಅವರ ಬಳಿ ಓದಿ ಬೆಳೆದ ಶಿಷ್ಯ. ಈಗ ತನ್ನೂರಿನ ಶಾಲೆಯಲ್ಲಿ ಮೇಷ್ಟ್ರು. ಊರ ಗುಂಡುತೋಪಿನ ಮರಗಳನ್ನು ಕಡಿಸಿ ಅಲ್ಲಿ ಪೆಟ್ರೋಲ್ ಬಂಕ್ ತರಿಸಬೇಕೆಂದು ಪಂಚಾಯಿತಿ ಅಧ್ಯಕ್ಷರು ಹೊರಟಿದ್ದರು. ಹಿಂದಿನ ದಿನ ಗ್ರಾಮಸಭೆಯಲ್ಲಿ ಮರಿದೇವ ಅದನ್ನು ವಿರೋಧಿಸಿ ಮಾತಾಡಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಅಧ್ಯಕ್ಷರು ನಡುವೆಯೇ ಎದ್ದು ಹೋಗಿದ್ದರು. ತೋಪು ಉಳಿಯುತ್ತದೋ ಇಲ್ಲವೋ ತೀರ್ಮಾನವಾಗಲಿಲ್ಲ.

"ನಾನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಮುಂದಿನ ಸಭೆಯಲ್ಲಿ ಇನ್ನೂ ಬಿಗಿಯಾಗಿ ಹೇಳಬೇಕು ಅಂತಿದ್ದೀನಿ" ಎಂದ.

ಸ್ವಾಮಿಗಳು "ಕೂತ್ಕೊ" ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಊರು. ಊರಿಗೆ ಒಂದೇ ಕೆರೆ. ಜನ ಕುಡಿಯುವ ನೀರು, ದನ ಕುಡಿಯುವ ನೀರು, ಗದ್ದೆಯ ನೀರು ಎಲ್ಲವೂ ಅದರದ್ದೇ. ಆ ಊರಿನವರಿಗೆ ವಾದವೆಂದರೆ ಪ್ರಾಣ. ಬೇರೆ ಊರಿನವರು ಮಳೆ ಬಂದರೆ ನೇಗಿಲು ಕಟ್ಟುತ್ತಾರೆ. ಇವರು, ಬಂದದ್ದು ಮಳೆಯೋ ತುಂತುರೋ ಎಂದು ಸಭೆ ಸೇರಿಸುತ್ತಿದ್ದರು. ಇಂಥ ಊರು ಒಡೆಯದೆ ಉಳಿದದ್ದು ಒಂದು ಪದ್ಧತಿಯಿಂದ.

ಅರಳಿಕಟ್ಟೆಯ ಮೇಲೆ ಸಭೆ ಸೇರಿದಾಗ, ಒಬ್ಬನ ವಿರುದ್ಧ ಮಾತಾಡಬೇಕೆನ್ನುವವನು ಮೊದಲು ತನ್ನ ಕೈಯಾರೆ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಅವನಿಗೆ ಕೊಡಬೇಕು. ಕೊಟ್ಟವನು ಮಾತಾಡುತ್ತಾನೆ. ತೆಗೆದುಕೊಂಡವನು ಅಗಿಯುತ್ತಾನೆ. ಮಾತು ಮುಗಿಯುವ ತನಕ ಅವನು ಬಾಯಿ ತೆರೆಯುವಂತಿಲ್ಲ. ಆಮೇಲೆ ಬಾಯಿ ಮುಕ್ಕಳಿಸಿ, ತಾನೂ ಒಂದು ಎಲೆ ಮಡಿಸಿ ಕೊಟ್ಟು ಉತ್ತರ ಹೇಳಬೇಕು. ಬಾಯಿ ತುಂಬ ಎಲೆ ಇಟ್ಟುಕೊಂಡು ಯಾರನ್ನೂ ಬಯ್ಯಲು ಬರುವುದಿಲ್ಲ. ಬೇಕಾದರೆ ನೀನೇ ಮಾಡಿ ನೋಡು.

ಇದರಲ್ಲಿ ಇನ್ನೊಂದು ವಿಷಯ ಇತ್ತು. ಒಬ್ಬೊಬ್ಬರ ಬಾಯಿಗೆ ಸುಣ್ಣ ಒಂದೊಂದು ಹದ. ಕಡಿಮೆಯಾದರೆ ಎಲೆ ಸಪ್ಪೆ, ಹೆಚ್ಚಾದರೆ ನಾಲಗೆ ಸುಡುತ್ತದೆ. ಹಾಗಾಗಿ ಎದುರಿನವನಿಗೆ ಎಷ್ಟು ಸುಣ್ಣ ಹಿಡಿಸುತ್ತದೆಂದು ತಿಳಿದುಕೊಳ್ಳದೆ ಅವನ ಮೇಲೆ ಮಾತಾಡಲು ಏಳುವಂತಿರಲಿಲ್ಲ. ಕೊಟ್ಟ ಎಲೆಯನ್ನು ಅವನು ಮಾತಿನ ನಡುವೆಯೇ ಉಗುಳಿಬಿಟ್ಟರೆ ವಿಚಾರ ಅಲ್ಲಿಗೆ ನಿಂತಿತು. ಅದನ್ನು ಮತ್ತೆ ಎತ್ತಿದರೆ ಉಗುಳಿದವನೇ ಎತ್ತಬೇಕು. ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ.

ಆ ಊರಿಗೆ ಕೆರೆಯಿಂದ ನೀರೆತ್ತುವ ಎಣ್ಣೆ ಎಂಜಿನ್ ಬಂತು. ಅದಕ್ಕೆ ಮೊದಲು ಕೆರೆಯ ತೂಬು ಎತ್ತಿ ಕಾಲುವೆಯಲ್ಲಿ ನೀರು ಹಾಯಿಸುತ್ತಿದ್ದರು. ವರ್ಷಕ್ಕೊಮ್ಮೆ ಊರವರೆಲ್ಲ ಇಳಿದು ಕಾಲುವೆಯ ಹೂಳು ತೆಗೆಯಬೇಕಾಗಿತ್ತು. ಎಂಜಿನ್ ಬಂದ ಮೇಲೆ ಆ ಕಷ್ಟ ಯಾರಿಗೆ ಬೇಕು? ಕಾಲುವೆ ಹೂತುಕೊಂಡಿತು. ಅದರ ಮೇಲೆ ಲಂಟಾನ ಬೆಳೆಯಿತು. ಒಬ್ಬ ವ್ಯಾಪಾರಿ ಪಟ್ಟಣದಿಂದ ಡೀಸೆಲ್ ಎಣ್ಣೆ ತರಿಸಿ ಮಾರತೊಡಗಿದ. ಲಾರಿ ಬರುವ ದಾರಿ ಕೆರೆಯ ಅಂಚಿನಲ್ಲಿತ್ತು. ಅಲ್ಲಿಯೇ ಒಂದು ಕೊಟ್ಟಿಗೆ ಕಟ್ಟಿ ಪೀಪಾಯಿಗಳನ್ನು ಇಟ್ಟುಕೊಂಡ. ಅವನು ಒಂದು ದಿನ ಅಂಗಡಿ ಬಾಗಿಲು ತೆಗೆಯದಿದ್ದರೆ ಊರಿಗೆ ಊರೇ ಡಬ್ಬ ಹಿಡಿದು ಅವನ ಮನೆ ಮುಂದೆ ನಿಲ್ಲುವಂತಾಯಿತು.

ಒಂದು ಬೇಸಿಗೆಯಲ್ಲಿ ಒಬ್ಬ ರೈತನ ಎಮ್ಮೆ ಕೆರೆಗೆ ಇಳಿಯಿತು. ನೀರು ಮೂಸಿತು. ಕುಡಿಯದೆ ಹಿಂದಕ್ಕೆ ಬಂತು. ರೈತ ಹೋಗಿ ನೋಡಿದರೆ ನೀರಿನ ಮೇಲೆ ಎಣ್ಣೆಯ ಪೊರೆ. ಅದರ ಜಾಡು ಹಿಡಿದು ನಡೆದರೆ ವ್ಯಾಪಾರಿಯ ಕೊಟ್ಟಿಗೆ. ಒಳಗೆ ಯಾವುದೋ ಪೀಪಾಯಿ ಸೋರುತ್ತಿತ್ತು. ಬೇಸಿಗೆಯಾದ್ದರಿಂದ ಕೆರೆಯ ನೀರು ದೂರ ಸರಿದಿತ್ತು. ಸೋರಿದ ಎಣ್ಣೆ ಸ್ವಲ್ಪವೇ ಅದನ್ನು ಮುಟ್ಟಿತ್ತು. ಆದರೆ ಮಳೆಗಾಲದಲ್ಲಿ ಕೆರೆ ತುಂಬಿದರೆ ನೀರು ಕೊಟ್ಟಿಗೆಯೊಳಕ್ಕೇ ನುಗ್ಗುತ್ತದೆ. ಆಮೇಲೆ ಆ ಊರಿನಲ್ಲಿ ಕುಡಿಯಲು ನೀರಿಲ್ಲ. ರೈತನಿಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬಂದವು. ಸಭೆ ಸೇರಿಸಿದ.

ವ್ಯಾಪಾರಿಗೆ ಸುಣ್ಣ ತೀರ ಕಡಿಮೆ ಬೇಕು. ಉಗುರಿನ ತುದಿಯಷ್ಟು. ರೈತನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಎಲೆ ಮಡಿಸುವ ಹೊತ್ತಿಗೆ ಅವನು ಮನಸ್ಸಿನಲ್ಲೇ ಭಾಷಣ ಶುರು ಮಾಡಿಯಾಗಿತ್ತು. ಬೆರಳು ಡಬ್ಬಿಯೊಳಕ್ಕೆ ಇಳಿಯಿತು. ಮತ್ತೊಮ್ಮೆ ಇಳಿಯಿತು. ಬೇಕೆಂದೇ ಹಚ್ಚಿದನೋ, ಸಿಟ್ಟು ಹಚ್ಚಿಸಿತೋ, ಅವನಿಗೇ ತಿಳಿಯಲಿಲ್ಲ.

ವ್ಯಾಪಾರಿ ಎಲೆಯನ್ನು ಬಾಯಿಗಿಟ್ಟುಕೊಂಡ. ರೈತ ಎದ್ದು ನಿಂತ. ದಿನವೂ ಸೆಟ್ರೇ ಎಂದು ಕರೆಯುತ್ತಿದ್ದವನನ್ನು ಅವತ್ತು ಏಕವಚನಕ್ಕೆ ಇಳಿಸಿದ.

"ನಿನ್ನ ಪೀಪಾಯಿ ಸೋರಿ ಎಣ್ಣೆ ಕೆರೆ ಸೇರ್ತಾ ಅದೆ. ನೀನು ಎಣ್ಣೆ ಮಾರೋನಲ್ಲ, ವಿಷ ಮಾರೋನು. ನಾಳೆ ನಿನ್ನ ಮನೆ ಕೂಸೂ ಇದೇ ನೀರು ಕುಡೀತದೆ. ಆಗ ತಿಳೀತದೆ ನಿಂಗೆ!"

ಅರ್ಧ ಊರು ಚಪ್ಪಾಳೆ ತಟ್ಟಿತು. ಆ ಸದ್ದು ರೈತನಿಗೆ ಹಿತವಾಗಿತ್ತು. ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. ಮಾತಿಗೆ ಬಂತೋ ಸುಣ್ಣಕ್ಕೆ ಬಂತೋ ಯಾರೂ ಕೇಳಲಿಲ್ಲ. ಅವನು ಎದ್ದ. ಕಟ್ಟೆಯ ಕೆಳಗೆ ಎಲೆ ಉಗುಳಿದ. ತಿರುಗಿ ನೋಡದೆ ಮನೆಗೆ ಹೋದ.

ವಿಚಾರ ಅಲ್ಲಿಗೆ ನಿಂತಿತು. ಮರುದಿನ ಲಾರಿಯಲ್ಲಿ ಇನ್ನಷ್ಟು ಪೀಪಾಯಿಗಳು ಬಂದು ಅದೇ ಕೊಟ್ಟಿಗೆಗೆ ಇಳಿದವು. ಊರು ಎರಡಾಯಿತು. ಎಂಜಿನ್ ಬೇಕೆನ್ನುವವರು ಒಂದು ಕಡೆ, ಕೆರೆ ಬೇಕೆನ್ನುವವರು ಒಂದು ಕಡೆ. ಎಂಜಿನ್ ಕಡೆಯವರು ಕುಡಿಯುತ್ತಿದ್ದುದು ಕೆರೆಯ ನೀರನ್ನೇ. ಕೆರೆ ಕಡೆಯವರ ಗದ್ದೆ ನೆನೆಯುತ್ತಿದ್ದುದು ಎಂಜಿನ್ನಿನಿಂದಲೇ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಹೇಳುತ್ತಿರಲಿಲ್ಲ. ರೈತ ಮಾತ್ರ ಆ ಕೊಟ್ಟಿಗೆಯ ಕಡೆ ಕಾಲಿಡಲಿಲ್ಲ. ತನ್ನ ಪಂಪಿಗೆ ಬೇಕಾದ ಎಣ್ಣೆಯನ್ನು ಪಕ್ಕದ ಮನೆಯವನ ಕೈಯಲ್ಲಿ ತರಿಸಿಕೊಳ್ಳುತ್ತಿದ್ದ.

ಮುಂಗಾರು ಹತ್ತಿರ ಬಂತು. ಒಂದು ಹದ ಮಳೆಯೂ ಬಿತ್ತು. ರೈತನಿಗೆ ಊಟ ಸೇರದಾಯಿತು. ಮೋಡ ಕಂಡರೆ ಹಿಗ್ಗಬೇಕಾದ ರೈತ ಮೋಡ ಕಂಡು ಹೆದರುತ್ತಿದ್ದ. ಹೇಳೋಣವೆಂದರೆ ಬಾಯಿ ಬಿಡುವಂತಿಲ್ಲ. ಸುಮ್ಮನಿರೋಣವೆಂದರೆ ಕೆರೆ ಹೋಗುತ್ತದೆ.

ಒಂದು ಬೆಳಿಗ್ಗೆ ಅವನ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ಹುಡುಕುತ್ತ ಅವನು ರಸ್ತೆಯಾಚೆಯ ದಿಣ್ಣೆ ಹತ್ತಿದ. ಅದು ಕೆರೆಗೆ ದೂರ. ಆಡು ಮೇಯಿಸುವವರು ಬಿಟ್ಟರೆ ಅಲ್ಲಿಗೆ ಯಾರೂ ಹೋಗುವುದಿಲ್ಲ. ಹೋಗಿ ನೋಡಿದರೆ ಅಲ್ಲೊಂದು ಕಟ್ಟಡಕ್ಕೆ ಪಾಯ ತೋಡಿದ್ದರು. ಅದರಲ್ಲಿ ನಿಂತ ಮಳೆನೀರನ್ನು ಎಮ್ಮೆ ನೆಮ್ಮದಿಯಾಗಿ ಕುಡಿಯುತ್ತಿತ್ತು. ಪಕ್ಕದಲ್ಲಿ ತಗಡುಗಳನ್ನು ಜೋಡಿಸಿಟ್ಟಿದ್ದರು. ಅಗೆದು ಹಾಕಿದ ಮಣ್ಣಿನ ಮೇಲೆ ಆಗಲೇ ಹುಲ್ಲು ಚಿಗುರಿತ್ತು. ವ್ಯಾಪಾರಿಯ ತಾಯಿ ಅಲ್ಲಿ ಬೆರಕೆ ಸೊಪ್ಪು ಕೀಳುತ್ತಿದ್ದಳು.

"ಇದು ಯಾರ ಪಾಯ ಅವ್ವಾ?"

"ನಮ್ಮ ಹೈದಂದೇ ಕಣಪ್ಪ. ಎಣ್ಣೆ ಸೋರ್ತಾ ಅದೆ, ಕೆರೆ ಹತ್ರ ಬ್ಯಾಡ, ಇಲ್ಲಿಗೆ ತಂದ್ಬುಡ್ತೀನಿ ಅಂತ ಆಳು ಕರೆಸಿ ತೋಡಿಸ್ದ."

"ಯಾವಾಗ?"

"ನೀವೆಲ್ಲ ಕಟ್ಟೆಗೆ ಕರೆದ್ರಲ್ಲ, ಅವತ್ತೇ ಬೆಳಿಗ್ಗೆ. ಎಲ್ಲರ ಮುಂದೆ ನಾನೇ ಹೇಳ್ತೀನಿ ಅಂತ ಹೊಸ ಪಂಚೆ ಉಟ್ಕೊಂಡು ಹೋಗಿದ್ದ. ಬಾಯಿ ಸುಟ್ಕೊಂಡು ಬಂದ. ವಾರ ಪೂರ್ತಿ ಮಜ್ಜಿಗೆ ಅನ್ನ ಬಿಟ್ರೆ ಏನೂ ಉಣ್ಣಲಿಲ್ಲ. ಈಗಲೂ ಅಷ್ಟೇ, ಮೋಡ ಕವಿದ್ರೆ ಎದ್ದು ಕೂತ್ಕೋತಾನೆ."

ಎದುರಿಗೆ ನಿಂತವನು ಯಾರೆಂದು ಮುದುಕಿಗೆ ಗೊತ್ತಿತ್ತು. ಬಯ್ಯಬಹುದಾಗಿತ್ತು. ಬಯ್ಯಲಿಲ್ಲ. ಸೊಪ್ಪನ್ನು ಮಡಿಲಿಗೆ ಕಟ್ಟಿಕೊಂಡು ದಿಣ್ಣೆ ಇಳಿದಳು. ರೈತ ಪಾಯದ ಅಂಚಿನಲ್ಲೇ ಕೂತುಬಿಟ್ಟ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮನೆಯವನು ಚಿಲಕ ತೆಗೆಯಲು ಎದ್ದ ಹೊತ್ತಿಗೆ ತಾನು ಬಾಗಿಲಿಗೆ ಒದ್ದಿದ್ದೆನೆಂದು ತಿಳಿಯಿತು.

ಅವತ್ತು ಸಂಜೆ ಅವನು ವ್ಯಾಪಾರಿಯ ಅಂಗಡಿಗೆ ಹೋದ. ಜನ ಸೇರುವ ಹೊತ್ತನ್ನೇ ನೋಡಿಕೊಂಡು ಹೋದ. ಅವಮಾನ ಎಲ್ಲರ ಮುಂದೆ ಆಗಿತ್ತು, ಇದೂ ಎಲ್ಲರ ಮುಂದೆಯೇ ಆಗಬೇಕಿತ್ತು. ಎಲೆ, ಅಡಿಕೆ, ಸುಣ್ಣದ ಡಬ್ಬಿಯನ್ನು ವ್ಯಾಪಾರಿಯ ಮುಂದಿಟ್ಟ.

"ಸೆಟ್ರೇ, ಅವತ್ತು ನನ್ನ ಕೈ ತಪ್ಪು ಮಾಡ್ತು. ನಾಲಗೇನೂ ಮಾಡ್ತು. ಈ ಸಲ ಎಲೆ ನೀವು ಮಡಿಸಿ ಕೊಡಿ, ನಾನು ಅಗೀತೀನಿ. ಮಾತು ನಿಮ್ದು. ಸುಣ್ಣಾನೂ ನಿಮ್ಮಿಷ್ಟ."

ವ್ಯಾಪಾರಿ ಬಹಳ ಹೊತ್ತು ಡಬ್ಬಿಯನ್ನೇ ನೋಡಿದ. ಆಮೇಲೆ ಬೆರಳು ಅದ್ದಿದ. ಬೆರಳ ತುಂಬ ಸುಣ್ಣ ಬಂತು. ಅದನ್ನು ಎತ್ತಿ ರೈತನಿಗೆ ತೋರಿಸಿದ. ರೈತ ಕೈ ಚಾಚಿದ. ವ್ಯಾಪಾರಿ ಆ ಬೆರಳನ್ನು ಅಂಗಡಿಯ ಕಂಬಕ್ಕೆ ಒರೆಸಿದ. ಉಳಿದ ಸುಣ್ಣವನ್ನಷ್ಟೇ ಎಲೆಗೆ ಸವರಿ, ಅಡಿಕೆ ಇಟ್ಟು, ಮಡಿಸಿ ಕೊಟ್ಟ. ರೈತ ಅಗಿದ. ಹದವಾಗಿತ್ತು.

ವ್ಯಾಪಾರಿ ಮಾತಾಡಿದ.

"ನಿಮ್ಮ ಪಂಪು ಕುಡಿಯೋದು ಯಾರ ಎಣ್ಣೆ ಗೌಡ್ರೇ? ಪಕ್ಕದ ಮನೆಯವರು ಎರಡು ಡಬ್ಬ ತುಂಬಿಸಿಕೊಂಡು ಹೋಗ್ತಾರಲ್ಲ, ಅದರಲ್ಲಿ ಒಂದು ನಿಮ್ದು ತಾನೆ?"

ರೈತನ ಬಾಯಿ ತುಂಬ ಎಲೆ. ಹೌದೆಂದು ತಲೆಯಾಡಿಸಿದ. ಜನ ಗೊಳ್ಳೆಂದು ನಕ್ಕರು. ರೈತನಿಗೂ ನಗು ತಡೆಯದೆ ಎಲೆಯ ರಸ ಗಲ್ಲಕ್ಕೆ ಇಳಿಯಿತು. ವ್ಯಾಪಾರಿಯೂ ನಕ್ಕ. ಆಮೇಲೆ ದನಿ ಇಳಿಸಿ ಹೇಳಿದ.

"ಪೀಪಾಯಿ ಸೋರ್ತಿರೋದು ದಿಟ. ನೀವು ಹೇಳೋಕ್ಕೆ ಮುಂಚೆ ನನಗೂ ಗೊತ್ತಿತ್ತು. ಅವತ್ತು ನಾನೇ ಹೇಳಬೇಕು ಅಂತ ಬಂದಿದ್ದೆ. ನೀವು ಅಷ್ಟು ಅಂದು, ಜನ ಅಷ್ಟು ಚಪ್ಪಾಳೆ ತಟ್ಟಿದ ಮೇಲೆ ಒಪ್ಕೊಂಡ್ರೆ, ಹೆದರಿ ಒಪ್ಕೊಂಡ ಅಂತ ಆಗ್ತಿತ್ತು. ಹಟಕ್ಕೆ ಬಿದ್ದೆ. ನಾಳೆ ಬೆಳಿಗ್ಗೆ ಗಾಡಿ ಕಟ್ಕೊಂಡು ಬನ್ನಿ."

ಮರುದಿನ ಎರಡೂ ಕಡೆಯವರ ಗಾಡಿಗಳು ಬಂದವು. ಪೀಪಾಯಿಗಳನ್ನು ದಿಣ್ಣೆಗೆ ಸಾಗಿಸಿದರು. ಗೋಡೆ ಇನ್ನೂ ಎದ್ದಿರಲಿಲ್ಲ. ಕಲ್ಲು ಜೋಡಿಸಿ, ಅದರ ಮೇಲೆ ಇಟ್ಟು, ತಗಡು ಮುಚ್ಚಿದರು. ಕೊಟ್ಟಿಗೆಯಲ್ಲಿ ಎಣ್ಣೆ ಕುಡಿದಿದ್ದ ಮಣ್ಣನ್ನು ಕೆರೆದು ತೆಗೆದು ದೂರ ಸಾಗಿಸಿದರು. ನೀರಿನ ಮೇಲಿದ್ದ ಪೊರೆಯನ್ನು ಹುಲ್ಲಿನ ಹೊರೆಗಳಿಂದ ಒತ್ತಿ ಎಳೆದು ತೆಗೆದರು. ವಾದವೇನೂ ನಿಲ್ಲಲಿಲ್ಲ. ಯಾವ ಗಾಡಿ ಮೊದಲು ಹೋಗಬೇಕೆಂಬುದಕ್ಕೂ ಎಲೆ ಮಡಿಸಿದರು. ಆದರೂ ಕೆಲಸ ಮುಗಿಯಿತು. ಕೊನೆಯ ಗಾಡಿ ದಿಣ್ಣೆ ಇಳಿಯುವಾಗ ಮಳೆ ಹಿಡಿಯಿತು.

ಕೆರೆ ತುಂಬಿತು. ಖಾಲಿ ಕೊಟ್ಟಿಗೆಯೊಳಗೆ ಮೊಣಕಾಲುದ್ದ ನೀರು ನಿಂತಿತು. ಮಳೆ ಬಿಟ್ಟ ಮೇಲೆ ರೈತ ಎಮ್ಮೆಯನ್ನು ಕೆರೆಗೆ ಇಳಿಸಿದ. ಊರೆಲ್ಲ ಏರಿಯ ಮೇಲೆ ನಿಂತು ಅದನ್ನೇ ನೋಡುತ್ತಿತ್ತು. ಎಮ್ಮೆ ನೀರು ಮೂಸಿತು. ಒಂದು ಗಳಿಗೆ ಸುಮ್ಮನೆ ನಿಂತಿತು. ಆಮೇಲೆ ಮೂತಿ ಇಳಿಸಿ ಕುಡಿಯತೊಡಗಿತು. ರೈತ ಅಲ್ಲೇ ಕುಕ್ಕರಿಸಿ ಮುಖ ಮುಚ್ಚಿಕೊಂಡು ಅತ್ತ. ವ್ಯಾಪಾರಿ ಬಂದು ಅವನ ಪಕ್ಕದಲ್ಲಿ ಕೂತ.

ಮುಂದಿನ ಬೇಸಿಗೆಯಲ್ಲಿ ಊರವರು ಮತ್ತೆ ಕಾಲುವೆಗೆ ಇಳಿದು ಹೂಳು ತೆಗೆದರು. ತಗ್ಗಿನ ಗದ್ದೆಗಳಿಗೆ ತೂಬಿನ ನೀರೇ ಸಾಕಾಯಿತು. ಮೇಲಿನ ಹೊಲಗಳವರು ಎಂಜಿನ್ ಬಿಡಲಿಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ನನ್ನ ವ್ಯಾಪಾರ ಕೆಡಿಸಿದವರು ನೀವೇ ಎಂದು ವ್ಯಾಪಾರಿ ರೈತನನ್ನು ಸಿಕ್ಕಾಗಲೆಲ್ಲ ರೇಗಿಸುತ್ತಿದ್ದ. ಹಾಗೆ ರೇಗಿಸುವಾಗಲೂ ಮೊದಲು ಒಂದು ಎಲೆ ಕೊಡುತ್ತಿದ್ದ.

ಸ್ವಾಮಿಗಳು ಕತೆ ನಿಲ್ಲಿಸಿದರು.

"ಸದ್ಯ, ಕೆರೆ ಉಳೀತಲ್ಲ ಬುದ್ಧಿ!" ಎಂದ ಮರಿದೇವ. ಮತ್ತೆ, "ಆದರೂ ಎಣ್ಣೆ ಸೋರುತ್ತಿದೆ ಅಂತ ರೈತ ಹೇಳಿದ್ದು ನಿಜವೇ ಅಲ್ಲವೇ?" ಎಂದು ಕೇಳಿದ.

"ನಿಜವೇ" ಎಂದರು ಸ್ವಾಮಿಗಳು. ಎದ್ದು ಒಳಗೆ ಹೊರಟವರು ಹೊಸ್ತಿಲ ಬಳಿ ನಿಂತು ತಿರುಗಿದರು.

"ಮರಿದೇವ, ನಿನ್ನೆ ಅಧ್ಯಕ್ಷರಿಗೆ ನೀನು ಕೊಟ್ಟ ಎಲೆಗೆ ಸುಣ್ಣ ಎಷ್ಟು ಹಚ್ಚಿದ್ದೆ?"