ದಳವಾಯಿ ಆಮೆಯೂ ಹಸಿದ ಏಡಿ ಪಡೆಯೂ

ಮತ್ತಿಮರಗಳ ಕಾಡಿನ ನಡುವೆ ಒಂದು ಕೊಳ. ಕೊಳದ ನಡುವೆ ಒಂದು ದಿಬ್ಬ. ಮಳೆಗಾಲದಲ್ಲಿ ಆ ದಿಬ್ಬಕ್ಕೆ ಹೋಗಬೇಕೆಂದರೆ ಈಜಬೇಕು, ಇಲ್ಲವೇ ಹಾರಬೇಕು. ಬೇಸಿಗೆ ಬಂದರೆ ನೀರು ಇಳಿದು, ದಡದಿಂದ ದಿಬ್ಬದವರೆಗೆ ಕೆಸರಿನದೊಂದು ಹಾದಿ ಮೇಲೇಳುತ್ತಿತ್ತು. ಆ ಹಾದಿಯಲ್ಲಿ ಯಾರು ಬೇಕಾದರೂ ನಡೆದು ಬರಬಹುದು, ಮಕ್ಕಳೇ. ನರಿಯೂ ಬರಬಹುದು.

ದಿಬ್ಬದ ಮೇಲಿನ ಜೊಂಡಿನಲ್ಲಿ ನೀರುಹಕ್ಕಿಯಾದ ಹುಂಡುಕೋಳಿ ಕೆಂಪವ್ವನ ಗೂಡು ಇತ್ತು. ಹೋದ ಬೇಸಿಗೆಯಲ್ಲಿ ನರಿ ಮಾಯಣ್ಣ ಇದೇ ಹಾದಿ ಹಿಡಿದು ಬಂದು, ಅವಳ ಮೊಟ್ಟೆಗಳನ್ನೆಲ್ಲ ತಿಂದು, ಬಾಯಿ ಒರೆಸಿಕೊಂಡು ಹೋಗಿದ್ದ. ಈ ಬೇಸಿಗೆ ಅವಳು ಮತ್ತೆ ಮೊಟ್ಟೆ ಇಟ್ಟಿದ್ದಳು. ಕಾವು ಮುಗಿಯುತ್ತ ಬಂದಿತ್ತು. ಕಿವಿಗೊಟ್ಟರೆ ಚಿಪ್ಪಿನ ಒಳಗಿನಿಂದ ಟಕ್ ಟಕ್ ಎಂದು ಯಾರೋ ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು.

"ಈ ಸಲವೂ ಅವನು ಬಂದರೆ ನಾನು ಈ ಕೊಳದಲ್ಲಿ ಇರೋದಿಲ್ಲ" ಎಂದಳು ಕೆಂಪವ್ವ.

ಕೊಳದವರೆಲ್ಲ ಸೇರಿ ಒಂದು ಪಡೆ ಕಟ್ಟಿದರು. ಏಡಿಗಳು ಸೈನಿಕರಾದವು, ಏಕೆಂದರೆ ಹಿಡಿದರೆ ಬಿಡದ ಇಕ್ಕಳ ಇದ್ದದ್ದು ಅವುಗಳ ಕೈಯಲ್ಲೇ. ಏಡಿಗಳಲ್ಲಿ ಹಿರಿಯನಾದ ಸಿಂಗ್ರಯ್ಯ ಹವಾಲ್ದಾರನಾದ. ಇನ್ನು ದಳವಾಯಿ ಯಾರು? ಆಮೆ ಬೋರಯ್ಯ. ಅವನಷ್ಟು ವಯಸ್ಸು, ಅವನಷ್ಟು ದೊಡ್ಡ ದನಿ ಕೊಳದಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಮೊದಲ ದಿನವೇ ಕವಾಯತು ನಡೆಯಿತು.

"ಪಡೆ, ಮುಂದಕ್ಕೆ ನಡಿ" ಎಂದು ದಳವಾಯಿ ಗುಡುಗಿದ.

ಇಡೀ ಪಡೆ ಶಿಸ್ತಾಗಿ ಪಕ್ಕಕ್ಕೆ ನಡೆಯಿತು.

"ಮುಂದಕ್ಕೆ ಅಂದೆ ಕಣ್ರಯ್ಯಾ."

"ನಮಗೆ ಇದೇ ಮುಂದಕ್ಕೆ, ದಳವಾಯಿಗಳೇ" ಎಂದ ಸಿಂಗ್ರಯ್ಯ.

ದಳವಾಯಿ ತಾನೇ ಮೆಲ್ಲಗೆ ಪಕ್ಕಕ್ಕೆ ತಿರುಗಿ ನಿಂತು ನೋಡಿದ. ಈಗ ಎಲ್ಲ ಸರಿಯಾಗಿಯೇ ಕಂಡಿತು. ಅವನಿಗೆ ಬಹಳ ಸಂತೋಷವಾಯಿತು.

"ಈಗ ಕೇಳಿ. ಕೆಂಪವ್ವನ ಮರಿಗಳು ಹೊರಗೆ ಬರೋವರೆಗೂ ಈ ಕೆಸರಿನ ಹಾದಿಯಲ್ಲೇ ನಿಮ್ಮ ಕಾವಲು. ಯಾರೂ ಸಾಲು ಬಿಟ್ಟು ಕದಲಕೂಡದು" ಎಂದು ಅಪ್ಪಣೆ ಮಾಡಿದ.

ಏಡಿಗಳು ಕದಲಲಿಲ್ಲ. ಕೆಸರಿನ ಹಾದಿಯಲ್ಲಿ ಇದ್ದ ಚೂರುಪಾರು ಪಾಚಿ ಬೇಗನೆ ಮುಗಿದುಹೋಯಿತು. ಒಳ್ಳೆಯ ಪಾಚಿ, ಎಳೆ ಬೇರು, ಸಣ್ಣ ಹುಳ ಎಲ್ಲ ಇದ್ದದ್ದು ಆಚೆ, ಆಳದ ನೀರಿನಲ್ಲಿ. ಅಲ್ಲಿಗೆ ಹೋಗಲು ಅಪ್ಪಣೆ ಇಲ್ಲ. ತಂದುಕೊಡುವವರೂ ಇಲ್ಲ.

ದಳವಾಯಿ ಕೆಟ್ಟವನೇನೂ ಅಲ್ಲ. ದಿನಾ ಬೆಳಿಗ್ಗೆ ತಪ್ಪದೆ ಬರುತ್ತಿದ್ದ. ಸಾಲಿನ ಮುಂದೆ ಕತ್ತು ಚಾಚಿ ಕೇಳುತ್ತಿದ್ದ: "ಎಲ್ಲರದೂ ಊಟ ಆಯ್ತಾ?"

"ಆಯ್ತು, ದಳವಾಯಿಗಳೇ."

ಆ ಮಾತು ಪೂರ್ತಿ ಮುಗಿಯುವ ಮೊದಲೇ ಅವನು ಆ ಕಡೆಗೆ ಹೊರಟಿರುತ್ತಿದ್ದ.

ನೀವೇ ಹೇಳಿ, ಮಕ್ಕಳೇ. ದಾರಿಯಲ್ಲಿ ಯಾರಾದರೂ ದೊಡ್ಡವರು ಊಟ ಆಯ್ತಾ ಎಂದು ಕೇಳಿದರೆ ನಾವು ಏನನ್ನುತ್ತೇವೆ? ಹೊಟ್ಟೆ ಚುರುಗುಟ್ಟುತ್ತಿದ್ದರೂ ಆಯ್ತು ಅನ್ನುತ್ತೇವೆ. ಇಲ್ಲ ಅಂದರೆ, ಬಡಿಸಿ ಎಂದು ಕೈ ಚಾಚಿದಂತೆ. ಆ ಕೊಳದಲ್ಲೂ ಅದೇ ಮರ್ಯಾದೆ. ಆಮೆಗೋ, ಒಂದು ಸಲ ಹೊಟ್ಟೆ ತುಂಬಿದರೆ ಎಷ್ಟೋ ದಿನ ಊಟದ ನೆನಪೇ ಬರುತ್ತಿರಲಿಲ್ಲ. ಹಾಗಾಗಿ ಕೇಳಿದವನಿಗೂ ತೃಪ್ತಿ, ಹೇಳಿದವರಿಗೂ ಮರ್ಯಾದೆ. ಹೊಟ್ಟೆ ಮಾತ್ರ ಖಾಲಿ.

ಗೂಡಿನಲ್ಲಿ ಕಾವಿಗೆ ಕೂತಿದ್ದ ಕೆಂಪವ್ವ ಇದನ್ನೆಲ್ಲ ನೋಡುತ್ತಿದ್ದಳು.

"ಬೋರಣ್ಣಾ, ನಿನ್ನ ಪಡೆ ಸೊರಗಿದೆ" ಎಂದಳು ಒಂದು ದಿನ.

"ಕಾವಲು ಅಂದರೆ ಹಾಗೇ ಕಣವ್ವ. ಮೈ ಗಟ್ಟಿಯಾಗ್ತದೆ."

"ಗಟ್ಟಿ ಎಲ್ಲಿ ಬಂತು, ಟೊಳ್ಳಾಗಿದೆ. ನಿನ್ನೆ ಗಾಳಿಗೆ ಒಬ್ಬ ಉರುಳಿಕೊಂಡು ಹೋದ. ಇಬ್ಬರು ಹೋಗಿ ಎತ್ತಿಕೊಂಡು ಬಂದರು. ಬರುವಾಗ ಅವರೂ ಉರುಳಿದರು."

"ದಿನಾ ನಾನೇ ಬಾಯಿಬಿಟ್ಟು ಕೇಳ್ತೀನಲ್ಲ."

"ಕೇಳ್ತೀಯ. ನಿಂತು ನೋಡ್ತೀಯಾ?"

"ಹವಾಲ್ದಾರನೇ ಆಯ್ತು ಅಂದಮೇಲೆ ನಾನು ಅನುಮಾನಪಟ್ಟರೆ ಅವನ ಮರ್ಯಾದೆ ಏನಾಗಬೇಕು?" ಎಂದು ದಳವಾಯಿ ಕತ್ತನ್ನು ಒಳಗೆ ಎಳೆದುಕೊಂಡ. ಕತ್ತು ಒಳಗೆ ಹೋದಮೇಲೆ ಆಮೆಯ ಜೊತೆ ಯಾರು ವಾದ ಮಾಡುವುದು?

ಇತ್ತ ನರಿ ಮಾಯಣ್ಣ ದಡದಲ್ಲಿ ಒಂದು ಪೊದೆಯ ನೆರಳು ಹಿಡಿದು ಕೂತಿದ್ದ. ಏಡಿಗಳ ಇಕ್ಕಳ ಕಂಡರೆ ಅವನಿಗೆ ಮೂಗಿನ ತುದಿ ನಡುಗುತ್ತಿತ್ತು. ಆದರೆ ಅವನು ಸುಮ್ಮನೆ ಕೂರುವವನಲ್ಲ. ಒಂದು ಮಧ್ಯಾಹ್ನ ಹಾದಿಯ ತುದಿಗೆ ಬಂದು ದೂರದಲ್ಲೇ ನಿಂತ.

"ಏನು ಹವಾಲ್ದಾರ್ರೇ, ಊಟ ಆಯ್ತಾ?"

"ಆಯ್ತಯ್ಯಾ" ಎಂದ ಸಿಂಗ್ರಯ್ಯ.

"ಏನು ಊಟ ಮಾಡಿದ್ರಿ?"

ಸಿಂಗ್ರಯ್ಯ ಬಾಯಿ ತೆರೆದ. ಪಕ್ಕದವನ ಮುಖ ನೋಡಿದ. ಪಕ್ಕದವನು ಅವನ ಪಕ್ಕದವನ ಮುಖ ನೋಡಿದ. ಹೀಗೆ ಸಾಲಿನ ಕೊನೆಯವರೆಗೂ ನೋಟ ಹೋಯಿತು, ಉತ್ತರ ಮಾತ್ರ ಬರಲಿಲ್ಲ.

"ಸರಿ ಬಿಡಿ, ಕಾವಲಲ್ಲಿದ್ದೀರಿ. ತೊಂದರೆ ಕೊಡೋದಿಲ್ಲ" ಎಂದು ಮಾಯಣ್ಣ ಒಳಗೊಳಗೇ ನಗುತ್ತ ಹೋದ.

ಮಾರನೆಯ ದಿನ ಅವನು ಬತ್ತಿದ ಹಳ್ಳದಿಂದ ಒಂದು ದೊಡ್ಡ ಸತ್ತ ಮೀನನ್ನು ಕಚ್ಚಿಕೊಂಡು ಬಂದ. ಅದನ್ನು ತಾನು ತಿನ್ನಲಿಲ್ಲ, ನೋಡಿ. ಕೊಳದ ದಡದಲ್ಲಿ, ಕಾವಲಿನ ಸಾಲಿಗೆ ಬಲಗಡೆ, ಗಾಳಿ ಬೀಸಿ ಬರುವ ದಿಕ್ಕಿಗೆ ಇಟ್ಟು ಪೊದೆಯೊಳಗೆ ಅಡಗಿದ.

ಘಮ ಬಂತು. ಏಡಿಗಳಿಗೆ ಅದು ಮದುವೆ ಮನೆಯ ಅಡುಗೆಯ ಘಮದ ಹಾಗೆ.

"ಯಾರೂ ಮುಖ ತಿರುಗಿಸಕೂಡದು" ಎಂದ ಸಿಂಗ್ರಯ್ಯ.

ಯಾರೂ ತಿರುಗಿಸಲಿಲ್ಲ. ಎಲ್ಲರ ಮುಖವೂ ಹಾದಿಯ ಕಡೆಗೇ ಇತ್ತು. ಆದರೆ ಏಡಿಯ ಕಾಲು ಮುಖದ ಮಾತು ಎಲ್ಲಿ ಕೇಳುತ್ತದೆ? ಸಾಲಿನ ತುದಿಯವನು ಒಂದಿಷ್ಟು ಬಲಕ್ಕೆ ಸರಿದ. ಜಾಗ ಖಾಲಿಯಾಯಿತಲ್ಲ ಎಂದು ಅವನ ಪಕ್ಕದವನೂ ಸರಿದ. ಸಾಲು ಕೆಡಬಾರದೆಂದು ಉಳಿದವರೂ ಸರಿದರು. ಕೊನೆಗೆ ಸಿಂಗ್ರಯ್ಯನೂ ಸರಿದ.

"ನಾವು ಕಾವಲು ಬಿಟ್ಟಿಲ್ಲ ತಾನೆ, ಹವಾಲ್ದಾರ್ರೇ?" ಎಂದು ಒಬ್ಬ ಏಡಿ ಕೇಳಿದ.

"ಮುಖ ಎತ್ತ ಇದೆ?"

"ಹಾದಿಯ ಕಡೆಗೇ ಇದೆ."

"ಮತ್ತಿನ್ನೇನು? ಸುಮ್ಮನೆ ನಡಿ" ಎಂದ ಸಿಂಗ್ರಯ್ಯ.

ಹಾಗೆ, ಶತ್ರುವಿಗೆ ಬೆನ್ನು ತೋರಿಸದೆ, ಸಾಲೂ ಕೆಡಿಸದೆ, ಇಡೀ ಪಡೆ ಮೀನಿನ ಹತ್ತಿರ ಹೋಗಿ ಸೇರಿತು. ಹಾದಿ ಬರಿದಾಯಿತು.

ಮಾಯಣ್ಣ ಪೊದೆಯಿಂದ ಹೊರಗೆ ಬಂದ. ಕೆಸರಿನ ಹಾದಿಯಲ್ಲಿ ಬಾಲ ಎತ್ತಿಕೊಂಡು, ನೆಂಟರ ಮನೆಗೆ ಹೋಗುವವನ ಹಾಗೆ ನಡೆದ. ಕೆಂಪವ್ವ ರೆಕ್ಕೆ ಬಿಚ್ಚಿ ಗೂಡಿನ ಮುಂದೆ ನಿಂತು ಕೂಗಿಕೊಂಡಳು. "ಬೋರಣ್ಣಾ, ಬಂದ. ಅವನು ಬಂದ."

ದಳವಾಯಿ ಅಲ್ಲೇ ದಿಬ್ಬದ ಅಂಚಿನಲ್ಲಿ ಬಿಸಿಲು ಕಾಯಿಸುತ್ತಿದ್ದ. ಕಣ್ಣು ಬಿಟ್ಟು ನೋಡಿದರೆ ಹಾದಿಯಲ್ಲಿ ಪಡೆ ಇಲ್ಲ, ನರಿ ಇದೆ. "ಪಡೆ" ಎಂದು ಗುಡುಗಿದ. ಯಾರಾದರೂ ಇದ್ದರೆ ತಾನೆ? ಉರುಳಿದಂತೆ ಓಡಿಬಂದು ಹಾದಿಗೆ ಅಡ್ಡ ಕೂತ. ಮಾಯಣ್ಣ ಅವನ ಬೆನ್ನ ಮೇಲೆ ಕಾಲಿಟ್ಟು, ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಆಚೆಗೆ ಇಳಿದ.

ಇಳಿಯುವಾಗ ಬಾಲ ಹಿಂದೆ ಉಳಿದಿತ್ತು. ದಳವಾಯಿ ಅದನ್ನು ಗಪ್ಪನೆ ಕಚ್ಚಿ ಹಿಡಿದ.

ಆಮೆ ಕಚ್ಚಿದರೆ ಬಿಡುವುದುಂಟೇ? ಮಾಯಣ್ಣ ಎಳೆದ, ಜಗ್ಗಿದ, ಸುತ್ತು ಹೊಡೆದ. ದಳವಾಯಿ ಬಿಡಲಿಲ್ಲ. ಆಗ ನರಿ ಏದುಸಿರು ಬಿಡುತ್ತ ತಿರುಗಿ ನಿಂತು, ಬಹಳ ವಿನಯದಿಂದ ಕೇಳಿದ: "ಏನು ದಳವಾಯಿಗಳೇ, ಊಟ ಆಯ್ತಾ?"

"ಆಯ್ತು" ಎಂದ ದಳವಾಯಿ.

ಬಾಲ ಬಿಟ್ಟುಹೋಯಿತು. ಮಾಯಣ್ಣ ನಗುತ್ತ ಗೂಡಿನ ಕಡೆಗೆ ಹಾರಿದ.

ದಳವಾಯಿ ಬಾಯಿ ತೆರೆದುಕೊಂಡೇ ನಿಂತುಬಿಟ್ಟ. 'ಇದೇನಿದು? ಇವತ್ತು ನಾನು ಏನನ್ನೂ ತಿಂದಿಲ್ಲ. ನಿನ್ನೆಯೂ ಇಲ್ಲ. ಆದರೂ ಆಯ್ತು ಅಂದೆ. ಕೇಳಿದವರಿಗೆ ಹಾಗೇ ಹೇಳೋದು ಅಂತ ಹೇಳಿದೆ.' ಅವನು ಮೆಲ್ಲಗೆ ತಿರುಗಿ ದಡದ ಕಡೆ ನೋಡಿದ. ಅವನ ಪಡೆ ಅಲ್ಲಿ ಮೀನಿನ ಸುತ್ತ ಮುಗಿಬಿದ್ದಿತ್ತು. ಬಡಕಲು ಕಾಲುಗಳು, ಬೆಳಕು ಆಚೆಗೆ ಕಾಣುವಷ್ಟು ತೆಳ್ಳಗಿನ ಚಿಪ್ಪುಗಳು. ಇಷ್ಟು ದಿನ ತಾನು ಕೇಳಿದ್ದು ಎಂಥ ಉತ್ತರ ಎಂದು ಅವನಿಗೆ ಆಗ ಗೊತ್ತಾಯಿತು.

ಅಷ್ಟರಲ್ಲಿ ಸಿಂಗ್ರಯ್ಯ ನರಿಯನ್ನು ಕಂಡು, ಬಾಯಲ್ಲಿದ್ದ ತುಂಡನ್ನು ಉಗುಳಿದ. "ದಳವಾಯಿಗಳೇ, ತಪ್ಪಾಯ್ತು. ಬಂದೆವು."

"ಈಗಲೇ ಬರಬೇಡಿ" ಎಂದ ದಳವಾಯಿ. "ತಪ್ಪು ನಂದು. ಖಾಲಿ ಹೊಟ್ಟೆಯಲ್ಲಿ ಬಂದು ಏನು ಮಾಡ್ತೀರಿ? ಉಗುಳಿದ್ದನ್ನು ನುಂಗು. ಎಲ್ಲರೂ ತಿನ್ನಿ, ಆಮೇಲೆ ಬನ್ನಿ. ಅಲ್ಲೀವರೆಗೆ ಇವನು ನನ್ನ ಪಾಲು."

ಕೆಂಪವ್ವ ಮಾಯಣ್ಣನ ಮೂಗಿಗೆ ಕುಕ್ಕುತ್ತಿದ್ದಳು. ಅವನು ಅವಳನ್ನು ತಳ್ಳಿ ಗೂಡಿಗೆ ಬಾಯಿ ಹಾಕಬೇಕು, ಅಷ್ಟರಲ್ಲಿ ದಳವಾಯಿ ಹಿಂದಿನಿಂದ ಬಂದು ಹಿಂಗಾಲನ್ನು ಹಿಡಿದ.

ನರಿ ಅವನನ್ನು ಜೊಂಡಿನಲ್ಲೆಲ್ಲ ಎಳೆದಾಡಿದ. ಕಲ್ಲಿಗೆ ಬಡಿದ. ಅಂಗಾತ ಕೆಡವಿದ. ದಳವಾಯಿ ಬಿಡಲಿಲ್ಲ.

"ಊಟ ಆಯ್ತಾ ದಳವಾಯಿಗಳೇ?" ಎಂದ ನರಿ.

ದಳವಾಯಿ ಮರ್ಯಾದೆ ಗೊತ್ತಿಲ್ಲದವನ ಹಾಗೆ ಸುಮ್ಮನಿದ್ದ.

"ಮನೆಯಲ್ಲಿ ಎಲ್ಲರೂ ಕ್ಷೇಮಾನಾ?"

ಅದಕ್ಕೂ ಸುಮ್ಮನಿದ್ದ.

"ಸ್ವಲ್ಪ ಮಾತಾಡಿ ಮಾರಾಯ್ರೇ" ಎಂದು ನರಿ ಗೋಗರೆದ.

ಆಗ ಹಾದಿಯಲ್ಲಿ ಚಟ್ ಚಟ್ ಎಂದು ಇಕ್ಕಳಗಳ ಸದ್ದು ಕೇಳಿಸಿತು. ಹೊಟ್ಟೆ ತುಂಬಿದ ಪಡೆ, ಸಾಲಾಗಿ, ಪಕ್ಕಕ್ಕೆ ಪಕ್ಕಕ್ಕೆ ಓಡಿ ಬರುತ್ತಿತ್ತು. ಮಾಯಣ್ಣ ತಾನೇ ತಂದು ಬಡಿಸಿದ ಮೀನಿನ ಬಲ ಅದು. ಸಿಂಗ್ರಯ್ಯ ಮೂಗಿಗೆ ಇಕ್ಕಳ ಹಾಕಿದ. ಇಬ್ಬರು ಕಿವಿಗೆ ಹಾಕಿದರು. ಉಳಿದವರು ಬಾಲ, ಬೆರಳು, ಮೀಸೆ, ಸಿಕ್ಕಿದ್ದಕ್ಕೆಲ್ಲ ಹಾಕಿದರು.

ಮಾಯಣ್ಣ ಕೊಳ ದಾಟಿ, ಮತ್ತಿಮರಗಳನ್ನು ದಾಟಿ, ಗುಡ್ಡ ಹತ್ತಿ ಓಡಿದ. ಬಾಲಕ್ಕೆ ಅಂಟಿದ್ದ ಏಡಿಯೊಂದು ಗುಡ್ಡದ ಬುಡದವರೆಗೂ ಹೋಗಿ, ಸಂಜೆ ಹೊತ್ತಿಗೆ ಪಕ್ಕಪಕ್ಕಕ್ಕೇ ನಡೆದು ವಾಪಸು ಬಂತು.

"ದೂರ ಇತ್ತಾ?" ಎಂದು ಎಲ್ಲರೂ ಕೇಳಿದರು.

"ದೂರ ಏನೋ ಇತ್ತು. ಆದರೆ ಸವಾರಿ ಚೆನ್ನಾಗಿತ್ತು" ಎಂದಿತು ಅದು.

ಅಂಗಾತ ಬಿದ್ದಿದ್ದ ದಳವಾಯಿಯನ್ನು ಏಡಿಗಳು ತಳ್ಳಿ ಎಬ್ಬಿಸಿದವು. ಅವನು ಯಾರನ್ನೂ ಬೈಯಲಿಲ್ಲ. ಕಾವಲನ್ನು ಎರಡು ಪಾಲು ಮಾಡಿದ. ಒಂದು ಪಾಲು ಹಾದಿಯಲ್ಲಿ ನಿಂತರೆ ಇನ್ನೊಂದು ಪಾಲು ಆಳದ ನೀರಿಗೆ ಹೋಗಿ ಉಂಡು ಬರಬೇಕು.

ಮಾರನೆಯ ಬೆಳಿಗ್ಗೆ ಅವನೇ ನೀರಿಗಿಳಿದು, ಎಳೆ ಪಾಚಿಯನ್ನೂ ಬೇರನ್ನೂ ಬೆನ್ನ ಮೇಲೆ ರಾಶಿ ಹೇರಿಕೊಂಡು ಹಾದಿಗೆ ಬಂದ. ಸಾಲಿನ ಉದ್ದಕ್ಕೂ ನಡೆದ. ಆಮೆಯ ನಡಿಗೆ ನಿಮಗೆ ಗೊತ್ತಲ್ಲ? ಒಬ್ಬ ಏಡಿಯ ಮುಂದಿನಿಂದ ಇನ್ನೊಬ್ಬನ ಮುಂದೆ ಹೋಗುವಷ್ಟರಲ್ಲಿ ಮೊದಲಿನವನ ಹೊಟ್ಟೆ ತುಂಬಿರುತ್ತಿತ್ತು. ಅಷ್ಟು ನಿಧಾನದ ನಡಿಗೆಯನ್ನು ಆ ಕೊಳದಲ್ಲಿ ಅಲ್ಲೀವರೆಗೆ ಯಾರೂ ಹೊಗಳಿರಲಿಲ್ಲ. ಅವತ್ತು ಹೊಗಳಿದರು.

ಸಾಲಿನ ಕೊನೆಯಲ್ಲಿ ಸಿಂಗ್ರಯ್ಯ ಅವನ ಬೆನ್ನು ನೋಡಿ ಮುಖ ಸಣ್ಣದು ಮಾಡಿದ. "ದಳವಾಯಿಗಳೇ, ನಿಮಗೆ ಪಾಚಿಯ ಒಂದೇ ಒಂದು ಎಳೆ ಉಳಿದಿದೆ."

"ಎಲ್ಲರೂ ತಿಂದಿದ್ದನ್ನು ಕಣ್ಣಿಂದ ನೋಡಿದೆಯಾ?"

"ನೋಡಿದೆ."

"ಹಾಗಾದರೆ ಅದನ್ನು ಇತ್ತ ಕೊಡು" ಎಂದು ದಳವಾಯಿ ಬಾಯಿ ತೆರೆದ.

ಅದೇ ಹೊತ್ತಿಗೆ ಜೊಂಡು ಅಲ್ಲಾಡಿತು. ಕೆಂಪವ್ವ ಮುಂದೆ ಮುಂದೆ ಬಂದಳು. ಅವಳ ಹಿಂದೆ, ಇನ್ನೂ ಒದ್ದೆ ಆರದ ಕಪ್ಪು ಮರಿಗಳು ಕಾಲು ಎಡವುತ್ತ ಒಂದೊಂದಾಗಿ ಹೊರಗೆ ಬಂದವು. ಪಡೆಯವರು ಸಾಲು ಬಿಚ್ಚಿ ದಾರಿ ಕೊಟ್ಟರು. ಕೊನೆಯ ಮರಿ ದಳವಾಯಿಯ ಮುಂದೆ ನಿಂತು ಕತ್ತೆತ್ತಿ ನೋಡಿ, ಅವನ ತುಟಿಯಲ್ಲಿ ನೇತಾಡುತ್ತಿದ್ದ ಆ ಒಂದು ಎಳೆಯನ್ನು ಎಳೆದುಕೊಂಡು ನುಂಗಿ, ಅಮ್ಮನ ಹಿಂದೆ ಓಡಿತು.

ಇಡೀ ಪಡೆ ಬಿದ್ದು ಬಿದ್ದು ನಕ್ಕಿತು. ದಳವಾಯಿಯೂ ನಕ್ಕ.

ನೀತಿ: ತನ್ನವರನ್ನು ಕಾವಲಿಗೆ ನಿಲ್ಲಿಸಿದ ನಾಯಕ ಅವರ ಹಸಿವನ್ನು ಕಣ್ಣಾರೆ ಕಂಡು ತಣಿಸಬೇಕು, ಅವನು ನೋಡದೆ ಬಿಟ್ಟ ಹಸಿವನ್ನು ಶತ್ರು ಮೊದಲು ನೋಡುತ್ತಾನೆ.