ಮೊದಲ ವೀಳ್ಯ

"ಗುರುಗಳೇ, ದೇಶದ ಸರ್ಕಾರ, ರಾಜ್ಯದ ಸರ್ಕಾರ, ಊರಿನ ಪಂಚಾಯಿತಿ, ಮೂರೂ ಸೇರಿ ಒಂದು ಕೆಲಸ ಮಾಡಿದರೆ ಮೊದಲು ಬರಬೇಕಾದ ಹೆಸರು ಯಾರದು?"

ಕೇಳಿದವನು ಮಾಳಪ್ಪ. ಹೊಸದಾಗಿ ಪಂಚಾಯಿತಿ ಅಧ್ಯಕ್ಷನಾದವನು. ಗುರುಗಳ ಮುಂದೆಯೂ ಎದೆ ಸೆಟೆಸಿಯೇ ಕುಳಿತಿದ್ದ. ಅವನ ಊರಿನಲ್ಲಿ ಕುಡಿಯುವ ನೀರಿನ ಟ್ಯಾಂಕು ಕಟ್ಟಿ ಮುಗಿದಿತ್ತು. ದೆಹಲಿಯ ದುಡ್ಡು, ರಾಜ್ಯದ ಪೈಪು, ಊರಿನ ಜಾಗ. ಉದ್ಘಾಟನೆಯ ಕಲ್ಲಿನಲ್ಲಿ ಯಾರ ಹೆಸರು ಮೇಲೆ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಆದ್ದರಿಂದ ನೀರೂ ಬಿಟ್ಟಿರಲಿಲ್ಲ.

"ನನ್ನ ಹೆಸರೇ ಮೇಲಿರಬೇಕು ಅಂತ ಹೇಳಿದ್ದೀನಿ ಗುರುಗಳೇ. ಜಾಗ ಕೊಟ್ಟವರು ನಾವು. ನಾವಿಲ್ಲದಿದ್ದರೆ ಆ ಟ್ಯಾಂಕನ್ನು ಏನು ಆಕಾಶಕ್ಕೆ ನೇತುಹಾಕುತ್ತಿದ್ದರೇ?"

ಗುರುಗಳು ನಕ್ಕು, ಒಂದು ಕತೆ ಹೇಳತೊಡಗಿದರು.

ಒಂದೂರಿಗೆ ಹೊಸದಾಗಿ ಕೆರೆಯಾಯಿತು. ಹೊಳೆಗೆ ಅಣೆಕಟ್ಟು ಹಾಕಿಸಿದವನು ಅರಸ. ಅಲ್ಲಿಂದ ಕಾಲುವೆ ತೋಡಿಸಿ ತಂದವನು ನಾಡಗೌಡ. ಸುತ್ತಿನ ಹಳ್ಳಿಗಳಿಗೆಲ್ಲ ಅವನೇ ಯಜಮಾನ. ಏರಿಗೆ ಮಣ್ಣು ಹೊತ್ತವರು ಊರಿನವರು. ಅವರ ಮುಂದೆ ನಿಂತವನು ಊರಗೌಡ. ಅಂಥ ಕೆರೆ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಮೊದಲ ವರ್ಷವೇ ತುಂಬಿ ನಿಂತಿತು.

ಆ ಕಡೆ ಒಂದು ಪದ್ಧತಿ ಇತ್ತು. ಹೊಸ ಕೆರೆಯ ತೂಬು ಎತ್ತುವ ಮೊದಲು ಅದನ್ನು ಕಟ್ಟಿಸಿದವನಿಗೆ ವೀಳ್ಯ ಕೊಡಬೇಕು. ಮೊದಲ ವೀಳ್ಯ ಯಾರ ಕೈ ಸೇರುತ್ತದೆಯೋ ಕೆರೆ ಅವನ ಹೆಸರಿನದು. ಅದಾಗುವ ತನಕ ಆ ನೀರನ್ನು ಯಾರೂ ಒಂದು ಚೊಂಬೂ ಮೊಗೆಯುವಂತಿಲ್ಲ.

ತೂಬಿನ ಕೆಳಗಿನ ಮೊದಲ ಗದ್ದೆ ಒಬ್ಬ ರೈತ ಹೆಂಗಸಿನದು. ಹಾಗಾಗಿ ವೀಳ್ಯದ ತಟ್ಟೆ ಹಿಡಿಯುವ ಭಾಗ್ಯ ಅವಳದಾಯಿತು. ಅವಳು ಬಾವಿಯ ನೀರು ಹೊತ್ತು ಭತ್ತದ ಸಸಿ ಎಬ್ಬಿಸಿದ್ದಳು. ಬಾವಿ ಆಗಲೇ ಕೆಸರು ಮುಟ್ಟಿತ್ತು. ಇನ್ನು ಕೆರೆ ನೀರು ಬಂದರೆ ನಾಟಿ, ಬಾರದಿದ್ದರೆ ಸಸಿ ಒಣಗಿ ಆ ವರ್ಷದ ಅನ್ನ ಹೋದಂತೆ.

ತೂಬಿನ ಹತ್ತಿರ ಅರಸನ ಅಧಿಕಾರಿ ಬಂದು ನಿಂತ. ನಾಡಗೌಡ ಬಂದ. ಊರಗೌಡ ಎಲ್ಲರಿಗಿಂತ ಮೊದಲೇ ಬಂದು ಮೀಸೆ ತಿರುವುತ್ತ ನಿಂತಿದ್ದ. ಹೆಂಗಸು ತಟ್ಟೆ ಎತ್ತಿದಳು. ಮೂರು ಕೈ ಒಟ್ಟಿಗೆ ಮುಂದೆ ಬಂದವು.

ಅಲ್ಲಿಂದ ಶುರುವಾಯಿತು. ಮೂರು ತಟ್ಟೆ ಮಾಡೋಣ ಎಂದರು. ಬಲಗಡೆಯ ತಟ್ಟೆ ಯಾರಿಗೆ ಎಂಬಲ್ಲಿ ಅದು ಮುರಿಯಿತು. ತಟ್ಟೆಯನ್ನು ನೆಲದ ಮೇಲಿಡೋಣ, ಮೂವರೂ ತಾವೇ ಎತ್ತಿಕೊಳ್ಳಲಿ ಎಂದರು. ಮೊದಲು ಬಗ್ಗುವವರು ಯಾರು? ಒಬ್ಬನೂ ಬಗ್ಗಲಿಲ್ಲ. ಊರಿನವರಿಗೂ ಹುರುಪು ಬಂತು. "ಬಿಡಬೇಡ ಗೌಡ, ನಮ್ಮೂರ ಮರ್ಯಾದೆ!" ಎಂದು ಏರಿಯ ಮೇಲಿಂದ ಕೂಗಿದರು. ಕೂಗಿದವರಲ್ಲಿ ಆ ಹೆಂಗಸಿನ ಗಂಡನೂ ಇದ್ದ.

ಕೊನೆಗೆ ಅಧಿಕಾರಿ ತೂಬಿನ ಬಿರಡೆಗೆ ಹಗ್ಗ ಸುತ್ತಿ ಅರಸನ ಮುದ್ರೆ ಒತ್ತಿದ. ನಾಡಗೌಡ ಕಾವಲಿಗೆ ತನ್ನ ಆಳುಗಳನ್ನು ನಿಲ್ಲಿಸಿದ. ಊರಗೌಡನೋ, ಬಿರಡೆ ಎತ್ತುವ ಸನ್ನೆಗೋಲನ್ನೇ ಹೊತ್ತುಕೊಂಡು ಮನೆಗೆ ಹೋದ. ಮೇಲೆ ಕೆರೆ ತುಳುಕುತ್ತಿತ್ತು. ಕೆಳಗೆ ಸಸಿ ಹಳದಿಗೆ ತಿರುಗಿತು.

ಕೆಲವು ದಿನ ಹೀಗೇ ಕಳೆಯಿತು. ಮೂವರೂ ಮತ್ತೆ ತೂಬಿನ ಬಳಿ ಸೇರಿ ವಾದಕ್ಕೆ ನಿಂತಾಗ ಹೆಂಗಸು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಎಲೆ ಅಡಿಕೆ ಇರಲಿಲ್ಲ. ತನ್ನ ಸಸಿಮಡಿಯಿಂದ ಕಿತ್ತ ಒಣಗಿದ ಸಸಿಯ ಒಂದು ಹಿಡಿ ಇತ್ತು.

"ಎಲೆ ಬಾಡಿ ಹೋಯ್ತು ಸ್ವಾಮಿ. ನನ್ನ ಹತ್ರ ಈಗ ಇರೋದು ಇದೇ. ಮೊದಲು ಯಾರಿಗೆ ಕೊಡಲಿ?"

ಒಂದು ಕೈಯೂ ಮುಂದೆ ಬರಲಿಲ್ಲ. ಅಧಿಕಾರಿ ನಾಡಗೌಡನ ಕಡೆ ನೋಡಿದ. ನಾಡಗೌಡ ನೆಲ ನೋಡಿದ. ಊರಗೌಡನಿಗೆ ಆ ಗದ್ದೆ ಗೊತ್ತು, ಆ ಸಸಿ ಗೊತ್ತು, ಅವಳ ಮಕ್ಕಳು ಗೊತ್ತು. ಅವನು ಆ ಹಿಡಿಯನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ತನ್ನ ಸೊಂಟದ ಎಲೆಚೀಲ ಬಿಚ್ಚಿ, ಇದ್ದ ಎಲೆಗಳಲ್ಲಿ ಒಳ್ಳೆಯದನ್ನು ಆರಿಸಿ ನಾಡಗೌಡನ ಮುಂದೆ ಹಿಡಿದ.

"ತಗೊಳ್ಳಿ ಯಜಮಾನರೇ. ನಮ್ಮ ಏರಿಯಂಥ ಏರಿ ಎಲ್ಲೂ ಇಲ್ಲ, ಅದನ್ನು ಎಲ್ಲಿ ಬೇಕಾದರೂ ಹೇಳ್ತೀನಿ. ಆದರೆ ನಿಮ್ಮ ಕಾಲುವೆ ಬರದಿದ್ದರೆ ಅದರೊಳಗೆ ಇವತ್ತು ದನ ಮೇಯ್ತಿದ್ದವು. ನಿಮ್ಮ ಉಪಕಾರ ದೊಡ್ಡದು."

ನಾಡಗೌಡ ಇಂಥ ಮಾತಿಗೆ ಸಿದ್ಧನಾಗಿ ಬಂದಿರಲಿಲ್ಲ. ಎಲೆಯನ್ನು ಕೈಗೆ ತೆಗೆದುಕೊಂಡ. ಅದನ್ನು ತಾನು ಬಾಯಿಗೆ ಹಾಕಿಕೊಳ್ಳದೆ ಅಧಿಕಾರಿಯ ಕೈಗೆ ಕೊಟ್ಟು, "ಅರಸರು ಹೊಳೆಗೆ ಕಟ್ಟೆ ಹಾಕದಿದ್ದರೆ ನನ್ನ ಕಾಲುವೆಯಲ್ಲಿ ಬರೀ ಮರಳು" ಎಂದ.

ಅಧಿಕಾರಿ ತಬ್ಬಿಬ್ಬಾದ. ವೀಳ್ಯ ಪಡೆದು ಬಾ ಎಂದು ಅವನಿಗೆ ಅಪ್ಪಣೆಯಾಗಿತ್ತು. ಉಪಕಾರ ನೆನೆದು ಬಾ ಎಂದು ಯಾರೂ ಹೇಳಿರಲಿಲ್ಲ. ತೂಬಿನ ಕಲ್ಲಿನ ಮೇಲೆ ಹತ್ತಿ ತನ್ನ ಮುದ್ರೆಯನ್ನು ತಾನೇ ಒಡೆದ. ಊರಗೌಡ ಓಡಿ ಹೋಗಿ ಸನ್ನೆಗೋಲು ತಂದ. ಬಿರಡೆ ಭಾರವಾಗಿತ್ತು. ಒಬ್ಬನಿಂದ ಅಲುಗಲಿಲ್ಲ, ಇಬ್ಬರಿಂದ ಅಲುಗಿತು, ಅಧಿಕಾರಿ ಶಾಲು ಬಿಸುಟು ಕೈ ಹಾಕಿದ ಮೇಲೆ ಎದ್ದಿತು.

ನೀರು ಬಂತು. ಅವಳ ಮಡಿಯಲ್ಲಿ ಅರ್ಧ ಸಸಿ ಸತ್ತಿತ್ತು, ಅರ್ಧ ಚೇತರಿಸಿಕೊಂಡಿತು. ಕಡಿಮೆ ಬಿದ್ದದ್ದನ್ನು ಊರಗೌಡ ತನ್ನ ಮಡಿಯಿಂದ ಕಳಿಸಿದ. ಹೆಂಗಸು ಹರಿಯುವ ನೀರಿನಲ್ಲಿ ನಿಂತು ಮೂವರಿಗೂ ಕೈ ಮುಗಿದಳು.

"ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ ನನ್ನಪ್ಪಗಳಿರಾ!"

ಅಧಿಕಾರಿ ಅಲ್ಲೇ ಕಣ್ಣು ಒರೆಸಿಕೊಂಡ. ಊರೂರು ಸುತ್ತಿ ಕಂದಾಯ ಎತ್ತಿದವನು. ಅದುವರೆಗೆ ಯಾವ ಊರೂ ಅವನನ್ನು ಹರಸಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮಾಳಪ್ಪನಿಗೆ ಸಮಾಧಾನವಾಗಲಿಲ್ಲ.

"ಎಲ್ಲಾ ಸರಿ ಗುರುಗಳೇ. ಕೊನೆಗೆ ಕೆರೆ ಯಾರ ಹೆಸರಿನದು ಅಂತ ಆ ಊರಿನವರು ತೀರ್ಮಾನ ಮಾಡಿದರು?"

"ತೀರ್ಮಾನ ಮಾಡೋಣ ಎಂದರೆ ಊರಿನಲ್ಲಿ ಯಾರೂ ಇರಲಿಲ್ಲಪ್ಪ, ಎಲ್ಲರೂ ನಾಟಿಗೆ ಹೋಗಿದ್ದರು."